ಸಿಮಿಲಿ ಅಂದ್ರೆ ನಿಮ್ಮ ಉಪಮೆನೇ ಅಂತ ಮಕ್ಕಳಿಗೆ ಹೇಳಿ

ಮಾನ್ಯ ಸಂಪಾದಕರೇ,

ನಾನು ಸಂಜೆ ಹೊತ್ತು ಪಿಯುಸಿ ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್ ಹೇಳ್ತೀನಿ, ಬರೋರಲ್ಲಿ ಹೆಚ್ಚಿನವರು ಎಸ್ಸೆಸ್ಸೆಲ್ಸಿ ತನಕ ಕನ್ನಡ ಮೀಡಿಯಂ. ಹೋದ ವಾರ ಒಬ್ಬ ಹುಡುಗಿ ಸಿಮಿಲಿ ಡೆಫಿನಿಷನ್ನು ಒಂದಕ್ಷರ ತಪ್ಪದೆ ಒಪ್ಪಿಸಿದ್ಲು, ಸರಿ ಪದ್ಯದಲ್ಲಿ ಅದು ಎಲ್ಲಿದೆ ತೋರಿಸಮ್ಮ ಅಂದ್ರೆ ಪುಸ್ತಕ ನೋಡ್ಕೊಂಡು ಸುಮ್ನೆ ಕೂತ್ಲು. ಇದರಲ್ಲಿ ಉಪಮೇಯ (ಹೋಲಿಸ್ತಿರೋ ವಸ್ತು) ಯಾವುದು, ಉಪಮಾನ (ಯಾವುದಕ್ಕೆ ಹೋಲಿಸಿದ್ದಾರೋ ಅದು) ಯಾವುದು ಅಂತ ಕೇಳಿದೆ ನೋಡಿ, ಪೆನ್ಸಿಲ್ ತಗೊಂಡು ಎರಡಕ್ಕೂ ಅಡಿಗೆರೆ ಎಳೆದು "ಸಾರ್, ಲೈಕ್ ಅನ್ನೋದು ಉಪಮಾವಾಚಕ ಅಲ್ವಾ" ಅಂತ ಅವಳೇ ಕೇಳಿದ್ಲು.

ಅಂದ್ರೆ ಮಗೂಗೆ ವಿಷಯ ಗೊತ್ತು, ಹೆಸರು ಮಾತ್ರ ಹೊಸದು. "ಸೀತೆಯ ಮುಖ ಕಮಲದಂತೆ ಅರಳಿತು" ಅನ್ನೋದನ್ನ ಹೈಸ್ಕೂಲಲ್ಲಿ ಬಿಡಿಸಿರ್ತಾರೆ, ಆ 'ಅಂತೆ' ತೆಗೆದು 'ಮುಖಕಮಲ' ಅಂದ್ರೆ ರೂಪಕ, ಇಂಗ್ಲಿಷಿನ ಮೆಟಫರ್ ಅದೇ ತಾನೇ. ಆನೊಮ್ಯಾಟೋಪಿಯ ಅಂದ ಕೂಡ್ಲೆ ಹೆದರೋ ಮಕ್ಕಳಿಗೆ ಅದು ನಮ್ಮ ಪಟಪಟ, ಧಡಧಡ ಅನ್ನೋ ಅನುಕರಣಾವ್ಯಯದ ಹಾಗೆ ಅಂದ್ರೆ ಆಯ್ತು, ಸ್ಪೆಲ್ಲಿಂಗ್ ಒಂದು ಕಲಿಬೇಕು ಅಷ್ಟೆ. ಮೆಟಫರಿನ ಎರಡು ಭಾಗಕ್ಕೆ ಟೆನರ್ (ನಮ್ಮ ಉಪಮೇಯ), ವೆಹಿಕಲ್ (ನಮ್ಮ ಉಪಮಾನ) ಅಂತ ಇಂಗ್ಲಿಷ್ ವಿಮರ್ಶಕ ಐ.ಎ. ರಿಚರ್ಡ್ಸ್ ಹೆಸರಿಟ್ಟಿದ್ದು 1936ರಲ್ಲಿ, ನಮ್ಮಲ್ಲಿ 9ನೇ ಶತಮಾನದ ಕವಿರಾಜಮಾರ್ಗವೇ ಅಲಂಕಾರಗಳನ್ನ ವಿವರಿಸಿ ಹೇಳಿದೆ.

ಎಲ್ಲಾನೂ ಹೀಗೇ ಹೊಂದುತ್ತೆ ಅಂತ ನಾನು ಹೇಳ್ತಿಲ್ಲ. ರೈಮ್ ಅಂದ್ರೆ ಪ್ರಾಸ ಅಂತಷ್ಟೇ ಹೇಳ್ಬಿಟ್ರೆ ಮಕ್ಕಳು ಹಳಗನ್ನಡ ಪದ್ಯದ ಅಭ್ಯಾಸದಲ್ಲಿ ಸಾಲಿನ ಎರಡನೇ ಅಕ್ಷರ ಹುಡುಕ್ತಾರೆ, ಇಂಗ್ಲಿಷ್ ಪದ್ಯದಲ್ಲಿ ಸಾಮಾನ್ಯವಾಗಿ ನೋಡಬೇಕಾದ್ದು ಸಾಲಿನ ಕೊನೆ, ಅಂತ್ಯಪ್ರಾಸ ಅಂತ ಬಿಡಿಸಿ ಹೇಳ್ಬೇಕು.

ಪ್ರಬಂಧದಲ್ಲಂತೂ ಇನ್ನೂ ಕಷ್ಟ. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಮಕ್ಕಳಿಗೆ ಬರುತ್ತೆ, ಆದ್ರೆ ಥೀಸಿಸ್ ಸ್ಟೇಟ್‌ಮೆಂಟ್ (ಪ್ರಬಂಧದ ಮುಖ್ಯ ವಾದ ಹೇಳೋ ವಾಕ್ಯ) ಅನ್ನೋದಕ್ಕೆ ನಮ್ಮ ಶಾಲೆ ಪಾಠದಲ್ಲಿ ಸರಿಯಾದ ಜೋಡಿ ಪದ ನನಗೆ ಸಿಕ್ಕಿಲ್ಲ. ಮೊಬೈಲ್ ಬಗ್ಗೆ ಬರಿ ಅಂದ್ರೆ "ಇಂದಿನ ಯುಗ ವಿಜ್ಞಾನ ಯುಗ" ಅಂತ ಶುರು ಮಾಡಿ ಲಾಭ ನಾಲ್ಕು ನಷ್ಟ ನಾಲ್ಕು ಬರೆದು ಮುಗಿಸ್ತಾರೆ, ಬರೆದವರ ಅಭಿಪ್ರಾಯ ಏನು ಅಂತ ಎಲ್ಲೂ ಗೊತ್ತಾಗಲ್ಲ. ನಾನು "ವಾದದ ವಾಕ್ಯ" ಅಂತ ಹೇಳಿಕೊಡ್ತೀನಿ. "ನಿದ್ದೆ ಕೆಡೋದ್ರಿಂದ ಹತ್ತನೇ ಕ್ಲಾಸ್ ತನಕ ಮಕ್ಕಳಿಗೆ ಸ್ವಂತ ಮೊಬೈಲ್ ಬೇಡ", ಇದನ್ನ ಮೊದಲ ಪ್ಯಾರಾದಲ್ಲೇ ಬರೆದು ಮಿಕ್ಕಿದ್ದೆಲ್ಲ ಇದಕ್ಕೆ ಆಧಾರವಾಗಿ ಬರಲಿ ಅಂದ್ರೆ ಅವರ ಬರವಣಿಗೆನೇ ಬದಲಾಗುತ್ತೆ.

ಇಂಗ್ಲಿಷ್ ಪಠ್ಯಪುಸ್ತಕದ ಕೊನೆಗೆ ಒಂದೇ ಒಂದು ಪುಟ, ಎಡಗಡೆ ಇಂಗ್ಲಿಷ್ ಪದ ಬಲಗಡೆ ಮಕ್ಕಳು ಆಗಲೇ ಕಲಿತ ಕನ್ನಡ ಪದ, ಎಲ್ಲಿ ಹೊಂದಲ್ವೋ ಅಲ್ಲಿ ಒಂದು ಸಾಲಿನ ವಿವರಣೆ, ಇಷ್ಟು ಸೇರಿಸಿ ಅಂತ ಪಠ್ಯಪುಸ್ತಕ ಮಾಡೋರಿಗೆ ನನ್ನ ವಿನಂತಿ. ಅಲ್ಲಿ ತನಕ ತಾವಾದ್ರೂ ಪತ್ರಿಕೆಯ ವಿದ್ಯಾರ್ಥಿ ಪುಟದಲ್ಲಿ ವಾರಕ್ಕೊಂದು ಪದ ಹಾಕಿ ಸಾರ್, ನಮ್ಮ ಮಕ್ಕಳು ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸ್ಕೋತಾರೆ.

– ಒಬ್ಬ ಟ್ಯೂಷನ್ ಮೇಷ್ಟ್ರು, ಅರಸೀಕೆರೆ