ಚಪ್ಪಾಳೆಯಿಲ್ಲದ ಸಭೆಗಳು

ಮಾನ್ಯ ಸಂಪಾದಕರೇ,

ಟರ್ಕಿಯ ಪ್ರತಿಭಟನೆಗಳ ಬಗ್ಗೆ ನಮ್ಮ ಪತ್ರಿಕೆಗಳಲ್ಲಿ ಬರುವ ಸುದ್ದಿ ಲಾಠಿ, ಅಶ್ರುವಾಯು, ಬಂಧಿತರ ಸಂಖ್ಯೆ ಇಷ್ಟಕ್ಕೇ ಮುಗಿದುಹೋಗುತ್ತದೆ. ಇಸ್ತಾಂಬುಲ್ ಮೇಯರ್ ಆಗಿದ್ದ ವಿರೋಧ ಪಕ್ಷದ ನಾಯಕ ಎಕ್ರೆಂ ಇಮಾಮೊಗ್ಲು ಅವರನ್ನು 2025ರ ಮಾರ್ಚ್ 19ರಂದು ವಶಕ್ಕೆ ಪಡೆದಾಗಲೂ ಹಾಗೆಯೇ ಆಯಿತು. ಅಲ್ಲಿನ ಜನ ತಮ್ಮತಮ್ಮೊಳಗೆ ಹೇಗೆ ಮಾತನಾಡಿಕೊಂಡರು ಎಂಬುದೂ ಓದುಗರಿಗೆ ತಿಳಿಯಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ಅದಕ್ಕೂ ಮೊದಲಿನ ಮಾತು: 2013ರ ಮೇ ಕೊನೆಯಲ್ಲಿ ಇಸ್ತಾಂಬುಲಿನ ತಕ್ಸಿಂ ಚೌಕದ ಪಕ್ಕದ ಗೆಝಿ ಉದ್ಯಾನದಲ್ಲಿ ಮರ ಉಳಿಸಲು ಕುಳಿತವರು ಮೊದಲಿಗೆ ಕೆಲವೇ ಮಂದಿ. ನಸುಕಿನಲ್ಲಿ ಪೊಲೀಸರು ಅವರ ಡೇರೆಗಳ ಮೇಲೆ ಎರಗಿದ್ದೇ ತಡ, ಕಿಚ್ಚು ದೇಶವೆಲ್ಲ ಹಬ್ಬಿತು. (2019ರ ಅಕ್ಟೋಬರ್ 4ರ ರಾತ್ರಿ ಮೆಟ್ರೊ ಕಾಮಗಾರಿಗಾಗಿ ಆರೆ ಕಾಲೊನಿಯ ಮರಗಳಿಗೆ ಗರಗಸ ಬಿದ್ದುದನ್ನು ಕಂಡ ಮುಂಬಯಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.) ಜೂನ್ 15ರಂದು ಉದ್ಯಾನವನ್ನು ತೆರವುಗೊಳಿಸಿದ ಮೇಲೂ ಜನ ಮನೆ ಸೇರಿ ಬಾಗಿಲು ಹಾಕಿಕೊಳ್ಳಲಿಲ್ಲ, ಬೆಶಿಕ್ತಾಶ್‌ನ ಅಬ್ಬಾಸಾಗಾದಂತಹ ಬಡಾವಣೆಯ ಉದ್ಯಾನಗಳಲ್ಲಿ ಸಂಜೆ ಸೇರಿ, ಸರದಿಯಂತೆ ಎದ್ದುನಿಂತು ಮಾತನಾಡಿದರು. ನೆರೆಮನೆಯವರಿಗೆ ತೊಂದರೆಯಾಗಬಾರದೆಂದು ಅಲ್ಲಿ ಚಪ್ಪಾಳೆಯಿರಲಿಲ್ಲ: ಒಪ್ಪಿಗೆಯಾದರೆ ಕೈಗಳನ್ನು ಮೇಲೆತ್ತಿ ಆಡಿಸುವುದು, ಒಪ್ಪದಿದ್ದರೆ ತೋಳುಗಳನ್ನು ಅಡ್ಡ ಹಿಡಿಯುವುದು. ಆ ಜುಲೈ ತಿಂಗಳ ರಂಜಾನಿನಲ್ಲಿ ಇಸ್ತಿಕ್ಲಾಲ್ ಬೀದಿಯ ನೆಲದ ಮೇಲೆ ಹಾಕಿದ ಉದ್ದನೆಯ ಇಫ್ತಾರ್ ಪಂಕ್ತಿಯಲ್ಲಿ ಧರ್ಮನಿಷ್ಠರೂ ಸೆಕ್ಯುಲರ್ ಮನೋಭಾವದವರೂ ಒಟ್ಟಿಗೆ ಕುಳಿತು ಉಂಡರು.

ಇದರಿಂದ ಬಿರುಕು ಮುಚ್ಚಿತೆಂದು ನಾನು ಹೇಳಲಾರೆ; ಮತಗಳು ಆಮೇಲೂ ಹೆಚ್ಚುಕಡಿಮೆ ಎರಡು ಪಾಲಾಗಿಯೇ ಬಿದ್ದವು. 2017ರ ಜನಮತಗಣನೆಯಲ್ಲಿ ಅಧ್ಯಕ್ಷೀಯ ಪದ್ಧತಿಯ ಪರ ಬಂದದ್ದು ಶೇ 51ರ ಆಸುಪಾಸಿನ ಮತ. 2023ರ ಚುನಾವಣೆಯಲ್ಲಿ ಅಧ್ಯಕ್ಷ ಎರ್ದೊಗಾನ್ ಅವರು ಗೆದ್ದದ್ದು ಶೇ 52ರಷ್ಟು ಮತಗಳಿಂದ. ಗೆಝಿ ಪ್ರತಿಭಟನೆಯ ಹಿಂದಿದ್ದರೆಂಬ ಆರೋಪ ಹೊತ್ತ ಉದ್ಯಮಿ ಒಸ್ಮಾನ್ ಕವಾಲಾ ಅವರನ್ನು ಬಿಡುಗಡೆ ಮಾಡಬೇಕೆಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2019ರಲ್ಲೇ ಹೇಳಿದ್ದರೂ, 2022ರಲ್ಲಿ ಅವರಿಗೆ ಜೀವಾವಧಿ ಶಿಕ್ಷೆಯಾಯಿತು. ಇಷ್ಟು ಬೆಲೆ ತೆರಬೇಕಾದ ನಾಡಿನಲ್ಲೂ ಜನ ಎದುರುಬದುರು ಕುಳಿತು ಒಬ್ಬರ ಮಾತನ್ನು ಇನ್ನೊಬ್ಬರು ಕೇಳಿದರಲ್ಲ, ಅದು ನನ್ನ ಮನಸ್ಸನ್ನು ಬಿಡದೆ ಕಾಡುತ್ತಿದೆ.

ಏಕೆಂದರೆ ನಮ್ಮ ಕಟ್ಟಡದಲ್ಲೇ, ಮೂವತ್ತು ವರ್ಷ ಒಂದೇ ಲೋಕಲ್ ಹಿಡಿದು ಕೆಲಸಕ್ಕೆ ಹೋಗುತ್ತಿದ್ದ ಇಬ್ಬರು ಕನ್ನಡಿಗರು ಕಳೆದ ಚುನಾವಣೆಯ ನಂತರ ಬೇರೆ ಬೇರೆ ಡಬ್ಬಿ ಹತ್ತುತ್ತಿದ್ದಾರೆ. ಸಂಘದ ಸಭೆಗಳಲ್ಲಂತೂ ‘ಇಲ್ಲಿ ರಾಜಕೀಯ ಬೇಡ’ ಎಂದು ಮೊದಲೇ ಹೇಳಿಬಿಡುತ್ತಾರೆ. ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿಯೆಂದರೆ, ವಾರಕ್ಕೊಮ್ಮೆಯಾದರೂ ಒಂದೇ ವಿಷಯದ ಮೇಲೆ ಪರ ಮತ್ತು ವಿರೋಧದ ಎರಡು ಪತ್ರಗಳನ್ನು ಅಕ್ಕಪಕ್ಕದಲ್ಲಿ, ಸಮಾನ ಜಾಗ ಕೊಟ್ಟು ಪ್ರಕಟಿಸಿ. ಮೊದಲ ವಾರ ನನ್ನ ನಿಲುವಿಗೆ ವಿರುದ್ಧವಾದ ಪತ್ರ ಬಂದರೆ ಅದನ್ನು ಪೂರ್ತಿ ಓದಿಯೇ ಉತ್ತರ ಬರೆಯುತ್ತೇನೆ.

ಇಂತು,
ತಮ್ಮ ಓದುಗ,
ಮಾಟುಂಗಾ, ಮುಂಬಯಿ