ಆಲ್ಬಮ್ಮಿನಲ್ಲಿ ಇಲ್ಲದ ಅಜ್ಜ: ಮಗಳಿಗೊಂದು ಪತ್ರ

ದಾವಣಗೆರೆ

ಪ್ರೀತಿಯ ಪುಟ್ಟಿ,

ನಮ್ಮ ಮನೆಯವರನ್ನೇ ಇಟ್ಟುಕೊಂಡು ಡಾಕ್ಯುಮೆಂಟರಿ ಫೋಟೋ ಸರಣಿ ಮಾಡುತ್ತೇನೆ ಅಂದೆಯಲ್ಲ, ತುಂಬಾ ಖುಷಿಯಾಯಿತು. ಹಳೇ ಆಲ್ಬಮ್‌ಗಳನ್ನೆಲ್ಲ ತೆಗೆದಿಟ್ಟಿದ್ದೇನೆ. ಮದುವೆ, ಸೀಮಂತ, ಗೃಹಪ್ರವೇಶ, ಜಾತ್ರೆ ಎಲ್ಲ ಇವೆ. ದಿನಾ ಬೆಳಗಾದರೆ ನಾವು ಹೇಗಿದ್ದೆವು ಅನ್ನೋದು ಮಾತ್ರ ಒಂದರಲ್ಲೂ ಇಲ್ಲ.

ನಿನ್ನ ಅಜ್ಜನನ್ನೇ ತಗೋ. ನಮ್ಮೂರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲ ಅದು. ಬಟ್ಟೆ ಗಿರಣಿಯಲ್ಲಿ ಪಾಳಿ ಮುಗಿಸಿ ಬಂದರೆ ಅವನ ಹುಬ್ಬಿನ ಮೇಲೂ ಅರಳೆ ಕೂತಿರುತ್ತಿತ್ತು. ಅಜ್ಜಿ ಸೆರಗಿನಿಂದ ಒರೆಸಿ ಆಮೇಲೆ ಚಹಾ ಕೊಡುತ್ತಿದ್ದಳು. ಅದರದ್ದು ಒಂದೂ ಫೋಟೋ ಇಲ್ಲ. ಇರೋದು ಸ್ಟುಡಿಯೋದಲ್ಲಿ ತೆಗೆಸಿದ್ದು. ಹಿಂದೆ ತೋಟ ಬರೆದ ಪರದೆ, ಮೈಮೇಲೆ ಯಾರದೋ ಕೋಟು. ಆದರೆ ಬಲಗೈ ನೋಡು. ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದಿದ್ದಾನೆ, ಉಗುರ ಸಂದಿಯಲ್ಲಿ ಮಷೀನಿನ ಎಣ್ಣೆಕಪ್ಪು ಹಾಗೇ ಇದೆ. ಕೋಟು ಯಾರದ್ದಾದರೇನು, ಆ ಕೈ ಅಜ್ಜನದೇ.

ನೀನು ತೆಗೆಯಬೇಕಾದ್ದು ಇಂಥದ್ದನ್ನು ಅಂತ ನನಗನ್ನಿಸುತ್ತದೆ. ಅಜ್ಜಿಯನ್ನು ಹೊಸ ಸೀರೆ ಉಡಿಸಿ ಕೂರಿಸಬೇಡ. ರೊಟ್ಟಿ ತಟ್ಟುವಾಗ, ಕಣ್ಣಿಗೆ ಔಷಧಿ ಬಿಟ್ಟುಕೊಳ್ಳುವಾಗ ಹತ್ತಿರ ಇರು. ಮೊದಮೊದಲು ಕ್ಯಾಮೆರಾ ಕಂಡು ತಲೆ ಸವರಿಕೊಳ್ಳುತ್ತಾಳೆ. ಆಮೇಲೆ ಮರೆಯುತ್ತಾಳೆ. ನಮ್ಮ ಮೈಸೂರಿನ ಪತ್ರಿಕಾ ಫೋಟೋಗ್ರಾಫರ್ ಟಿ.ಎಸ್. ಸತ್ಯನ್ ತೆಗೆದ ಸಾಮಾನ್ಯ ಜನರ, ಮಕ್ಕಳ ಫೋಟೋಗಳನ್ನು ಒಮ್ಮೆ ನಿಧಾನಕ್ಕೆ ನೋಡು.

ಅಮೆರಿಕದ ಫೋಟೋಗ್ರಾಫರ್ ನಿಕೋಲಸ್ ನಿಕ್ಸನ್ 1975ರಲ್ಲಿ ಶುರುಮಾಡಿ, ತನ್ನ ಹೆಂಡತಿ ಮತ್ತು ಅವಳ ಮೂವರು ಅಕ್ಕತಂಗಿಯರನ್ನು ವರ್ಷಕ್ಕೊಂದು ಫೋಟೋದಂತೆ ದಶಕಗಟ್ಟಲೆ ತೆಗೆದ. ಪ್ರತಿ ಸಲವೂ ಅವರು ನಿಲ್ಲುವ ಸಾಲು ಅದೇ. ಮುಖದಲ್ಲಿ ವಯಸ್ಸು ಏರುವುದು, ಒಬ್ಬರ ಭುಜಕ್ಕೆ ಇನ್ನೊಬ್ಬರು ಒರಗುವುದು, ಎಲ್ಲ ತಾನಾಗೇ ಕಾಣುತ್ತದೆ. ನಮಗೆ ದುಗ್ಗಮ್ಮನ ಜಾತ್ರೆ ಇದೆಯಲ್ಲ! ಎರಡು ವರ್ಷಕ್ಕೊಮ್ಮೆ ಅತ್ತೆ, ಚಿಕ್ಕಪ್ಪ, ಮಕ್ಕಳುಮರಿ ಎಲ್ಲ ಸೇರುತ್ತಾರೆ. ಅದೇ ಜಗಲಿ, ಅದೇ ಸಾಲು. ಯಾರಾದರೂ ಇಲ್ಲದೇ ಹೋದರೆ ಆ ಜಾಗ ಖಾಲಿ ಬಿಡು, ಯಾರೂ ಸರಿದು ತುಂಬುವುದು ಬೇಡ.

ಅಂಟಿನ ಹಾಳೆಯ ಆಲ್ಬಮ್ ಇದೆಯಲ್ಲ, ಅದನ್ನು ಮೊದಲು ನೋಡಬೇಕು. ಅಂಟು ಹಳದಿಯಾಗಿ ಫೋಟೋ ಕಚ್ಚಿಕೊಂಡಿದೆ. ಕೀಳಬೇಡ, ಹಾಳೆ ಸಮೇತ ಸ್ಕ್ಯಾನ್ ಮಾಡು. ಕಪ್ಪುಬಿಳುಪಿನವು ಇನ್ನೂ ಗಟ್ಟಿ ಇವೆ, ಕಲರ್ ಫೋಟೋಗಳೇ ಜಾಸ್ತಿ ಮಾಸಿವೆ. ಬಿಡಿ ಫೋಟೋಗಳ ಹಿಂದೆ ಮೆತ್ತನೆ ಪೆನ್ಸಿಲ್ಲಿನಲ್ಲಿ ಹೆಸರು ಬರೆ. ಬಾಲ್‌ಪೆನ್ ಒತ್ತಿದರೆ ಮುಂದೆ ಗೆರೆ ಮೂಡುತ್ತದೆ.

ಹೆಸರು ಹೇಳೋಕೆ ಅಜ್ಜಿಯೇ ಬೇಕು. ಫೋಟೋ ಕೈಗೆ ಕೊಟ್ಟು ಸುಮ್ನೆ ಕೂರು, ಫೋನಿನಲ್ಲಿ ಮಾತು ರೆಕಾರ್ಡ್ ಆಗಲಿ. ಮಧ್ಯಾಹ್ನ ಮಲಗಿ ಎದ್ದ ಮೇಲೆ ಅವಳಿಗೆ ನೆನಪು ಚುರುಕು. ಮುಂದಿನ ವಾರವೇ ಬರೋಕಾದರೆ ಬಾ, ಅತ್ತೆಗೂ ಹೇಳಿರುತ್ತೇನೆ.

ನಿನ್ನ
ಅಪ್ಪ