ತೋಳಿನ ಸೆನ್ಸರ್ ಬಗ್ಗೆ ಅಪ್ಪನಿಗೆ

ಮ್ಯೂನಿಕ್

ಅಪ್ಪನಿಗೆ ನಮಸ್ಕಾರಗಳು. ಇಲ್ಲಿ ನಾವೆಲ್ಲ ಕ್ಷೇಮ.

ಡಾಕ್ಟರು ಹಾಕಿಕೊಳ್ಳಲು ಹೇಳಿರುವ ಶುಗರ್ ಸೆನ್ಸರ್ 14 ದಿನ ಬರುತ್ತದೆ. ಅದು ರಕ್ತವನ್ನು ಮುಟ್ಟುವುದೇ ಇಲ್ಲ, ಚರ್ಮದ ಕೆಳಗಿನ ದ್ರವದಲ್ಲಿರುವ ಸಕ್ಕರೆಯನ್ನು ಅಳೆಯುತ್ತದೆ. ರಕ್ತದಲ್ಲಿ ಆದ ಬದಲಾವಣೆ ಅಲ್ಲಿ ಕಾಣಲು ಐದು-ಹತ್ತು ನಿಮಿಷ ಬೇಕು. ಹಾಗಾಗಿ ವಾಕಿಂಗ್ ಮುಗಿಸಿ ಬಂದಾಗ ಬೆರಳು ಚುಚ್ಚಿ ನೋಡುವ ಗ್ಲುಕೋಮೀಟರ್ 160 ಅಂದರೆ ಸೆನ್ಸರ್ 180 ಅನ್ನಬಹುದು. ಯಾವುದೂ ಕೆಟ್ಟಿದೆ ಅಂತಲ್ಲ. ಫೋನಿನ ಆ್ಯಪಿನಲ್ಲಿ ಸಂಖ್ಯೆಯ ಪಕ್ಕದ ಬಾಣ ನೋಡಿ. 110 ಇದ್ದು ಬಾಣ ನೆಟ್ಟಗೆ ಕೆಳಗೆ ತಿರುಗಿದ್ದರೆ, ಅಲ್ಲಾಡದೆ ನಿಂತ 85ಕ್ಕಿಂತ ಅದರ ಕಡೆ ಹೆಚ್ಚು ಗಮನ ಬೇಕು.

ಎಣ್ಣೆಸ್ನಾನದ ದಿನ ಹಾಕಿಸಿಕೊಳ್ಳಬೇಡಿ, ಅಂಟು ನಿಲ್ಲುವುದಿಲ್ಲ. ತೋಳಿನ ಹಿಂಭಾಗವನ್ನು ಸೋಪಿನಲ್ಲಿ ತೊಳೆದು, ಸ್ಪಿರಿಟ್ ಒರೆಸಿ, ಪೂರ್ತಿ ಒಣಗಲು ಬಿಡಿ. ಮೊದಲ ಒಂದು ಗಂಟೆ ಏನೂ ತೋರಿಸುವುದಿಲ್ಲ. ಮೊದಲ ದಿನದ ಸಂಖ್ಯೆಗಳನ್ನು ಅಷ್ಟಾಗಿ ನಂಬಬೇಡಿ.

ಸೆನ್ಸರ್ ಇರುವ ಮಗ್ಗುಲಿಗೆ ಮಲಗಿದರೆ ತೋಳು ಒತ್ತಿ, ಶುಗರ್ ಇದ್ದಕ್ಕಿದ್ದಂತೆ ಕುಸಿದ ಹಾಗೆ ಕಾಣುತ್ತದೆ. ನಡುರಾತ್ರಿಯ ಸುಳ್ಳು ಅಲಾರಂಗಳಲ್ಲಿ ಬಹಳಷ್ಟು ಇಂಥವೇ. ಮಗ್ಗುಲು ಬದಲಿಸಿ, ಬೆರಳು ಚುಚ್ಚಿ ನೋಡಿ. ಆದರೆ ಬೆವರು, ನಡುಕ ಇದ್ದರೆ ಚುಚ್ಚುತ್ತಾ ಕೂರದೆ ಮೊದಲು ಸಕ್ಕರೆ ತೆಗೆದುಕೊಳ್ಳಿ. 15 ಗ್ರಾಂ, ಅಂದರೆ ಸುಮಾರು ಮೂರು ಟೀ ಚಮಚ, ನೀರಿನಲ್ಲಿ ಕದಡಿ. ಬಿಸ್ಕತ್ತು, ಚಾಕೊಲೇಟ್ ನಿಧಾನ. 15 ನಿಮಿಷ ಬಿಟ್ಟು ಮತ್ತೆ ಬೆರಳಿನಲ್ಲೇ ನೋಡಿ. ಸೆನ್ಸರ್ ಆಗಲೂ ಕಡಿಮೆಯನ್ನೇ ತೋರಿಸುತ್ತಿರಬಹುದು. ಅದನ್ನು ನೋಡಿ ಅಮ್ಮ ಇನ್ನೊಂದು ಲೋಟ ಕುಡಿಸಿದರೆ ಬೆಳಗ್ಗೆ 250!

ಆ್ಯಪಿನಿಂದ ಲಿಂಕ್ ಕೊಟ್ಟರೆ ನಿಮ್ಮ ಸಂಖ್ಯೆ ನನ್ನ ಫೋನಿಗೂ ಬರುತ್ತದೆ, ನಿಜ. ಆದರೆ ಅಲ್ಲಿ ನೆಟ್ ಹೋದರೆ ಇಲ್ಲಿ ಹಳೆಯ ಸಂಖ್ಯೆಯೇ ಕೂತಿರುತ್ತದೆ. ಆದ್ದರಿಂದ ಅಲಾರಂ ನಿಮ್ಮ ಮನೆಯಲ್ಲೇ ಹೊಡೆಯಬೇಕು. ಫೋನನ್ನು ಹಾಲ್‌ನಲ್ಲಿ ಚಾರ್ಜಿಗೆ ಹಾಕಿ ಒಳಗೆ ಮಲಗಬೇಡಿ, ಗೋಡೆ ಅಡ್ಡ ಬಂದರೆ ಬ್ಲೂಟೂತ್ ತಪ್ಪುತ್ತದೆ. ಬ್ಯಾಟರಿ ಸೇವರ್ ಪಟ್ಟಿಯಿಂದ ಸೆನ್ಸರಿನ ಆ್ಯಪ್ ಒಂದನ್ನು ಹೊರಗಿಡಲು ತಮ್ಮನಿಗೆ ಹೇಳಿ. ಇಲ್ಲದಿದ್ದರೆ ಫೋನೇ ಅದನ್ನು ಸದ್ದಿಲ್ಲದೆ ಮುಚ್ಚಿಬಿಡುತ್ತದೆ.

ಡಾಕ್ಟರಿಗೆ ಬೇಕಾದದ್ದು ಒಂದೊಂದು ಸಂಖ್ಯೆಯಲ್ಲ, ದಿನದಲ್ಲಿ ಎಷ್ಟು ಹೊತ್ತು 70ರಿಂದ 180ರೊಳಗೆ ಇದ್ದಿರಿ ಅನ್ನುವುದು. ಸಾಮಾನ್ಯವಾಗಿ ಶೇ. 70ಕ್ಕಿಂತ ಹೆಚ್ಚಿರಬೇಕು ಅನ್ನುತ್ತಾರೆ. ವಯಸ್ಸಾದವರಿಗೆ, ಶುಗರ್ ಇಳಿಯುವ ಭಯ ಇರುವವರಿಗೆ ಶೇ. 50 ಮೀರಿದರೂ ಸಾಕು, ಆದರೆ ಶುಗರ್ 70ರ ಕೆಳಗೆ ಇರುವ ಹೊತ್ತು ಶೇ. 1ಕ್ಕಿಂತ ಕಡಿಮೆ ಇರಬೇಕು. ಗೆರೆ ಯಾಕೆ ಏರಿತು ಅಂತ ಗ್ರಾಫ್ ಹೇಳುವುದಿಲ್ಲ. ಮುದ್ದೆ ಎಷ್ಟು ಹೊತ್ತಿಗೆ, ಇನ್ಸುಲಿನ್ ಎಷ್ಟು ಹೊತ್ತಿಗೆ ಅಂತ ಕ್ಯಾಲೆಂಡರಿನಲ್ಲೇ ಬರೆದಿಡಿ.

ವಿಟಮಿನ್ ಸಿ ಮಾತ್ರೆ ಚೀಪುತ್ತಿದ್ದರೆ ಡಾಕ್ಟರಿಗೆ ತಿಳಿಸಿ. ದಿನಕ್ಕೆ 500 ಮಿಲಿಗ್ರಾಂ ದಾಟಿದರೆ ಕೆಲವು ಸೆನ್ಸರ್‌ಗಳು ಶುಗರನ್ನು ಏರಿಸಿ ತೋರಿಸುತ್ತವೆ. ಡಬ್ಬಿಯನ್ನೂ ಎಸೆಯಬೇಡಿ. ಸೆನ್ಸರ್ ಅರ್ಧಕ್ಕೆ ಕಿತ್ತು ಬಂದರೆ ಕಂಪನಿಯವರು ಅದರ ಮೇಲಿನ ಸೀರಿಯಲ್ ನಂಬರ್ ಕೇಳುತ್ತಾರೆ.

ನಿಮ್ಮ ಮಗಳು